ಮನೆಯ ನಂಬರು ಬದಲಾಗಿದೆ

ಮಳವಳ್ಳಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ವನಜಾ ದಿನವೂ ಮಂಡ್ಯದಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಹೋದ ವರ್ಷ ಗಂಡ ಶಿವರಾಜುವಿಗೆ ಪಾರ್ಶ್ವವಾಯು ಬಡಿದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಹಾಸಿಗೆಯ ಎದುರಿಗೆ ಒಂದು ಕ್ಯಾಮೆರಾ ಹಾಕಿಸಿದ್ದಳು. ಪಕ್ಕದ ಮನೆಯ ಚಿಕ್ಕಬೋರಮ್ಮ ಊಟಕ್ಕೆ, ಮಾತ್ರೆಗೆಂದು ಎರಡು ಸಲ ಬಂದುಹೋಗುತ್ತಿದ್ದರು. ಉಳಿದ ಹೊತ್ತು ಪಾಠದ ನಡುವೆ ಇವಳೇ ಫೋನಿನಲ್ಲಿ ನೋಡಿಕೊಳ್ಳಬೇಕು.

ತೊಂದರೆಯೆಲ್ಲ ನಂಬರಿನದು. ಫೋನಿನಲ್ಲಿ ಕ್ಯಾಮೆರಾ ತೆರೆಯಬೇಕಾದರೆ ಮನೆಯ ಇಂಟರ್ನೆಟ್ಟಿನ ಆಗಿನ ನಂಬರು ಹಾಕಬೇಕಿತ್ತು. ಮನೆಯ ಇಂಟರ್ನೆಟ್ಟಿಗೆ ಕಂಪನಿಯವರು ಕೊಡುವ ಐಪಿ ವಿಳಾಸ ಒಂದೇ ಆಗಿ ನಿಲ್ಲುತ್ತಿರಲಿಲ್ಲ. ಕರೆಂಟು ಹೋಗಿ ಬಂದರೆ, ನೆಟ್ ಡಬ್ಬ ಆಫಾಗಿ ಆನಾದರೆ ಹೊಸ ನಂಬರು. ಹಳೆಯದನ್ನು ಹಾಕಿದರೆ ಕ್ಯಾಮೆರಾ ಸಿಗದೆ ಪರದೆ ಕಪ್ಪಾಗಿರುತ್ತಿತ್ತು. ಆಗ ಚಿಕ್ಕಬೋರಮ್ಮನಿಗೆ ಫೋನು.

"ಉಸಾರಾಗವ್ನೆ ಕಣಮ್ಮ, ಎಷ್ಟ್ ಸಲ ಕೇಳೀಯೆ?" ಆಕೆಗೂ ಸಾಕಾಗಿತ್ತು.

ಕಂಪ್ಯೂಟರ್ ಟೀಚರ್ ನಯನ ಒಂದು ಭಾನುವಾರ ಮನೆಗೆ ಬಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಳು. ಐದು ನಿಮಿಷಕ್ಕೊಮ್ಮೆ ಅದು ಹೊರಗಿನ ವೆಬ್‌ಸೈಟೊಂದನ್ನು 'ಈಗ ನಮ್ಮ ನಂಬರು ಯಾವುದು' ಎಂದು ಕೇಳುತ್ತದೆ, ಹಿಂದಿನದರ ಜೊತೆ ತಾಳೆ ನೋಡುತ್ತದೆ, ಬದಲಾಗಿದ್ದರೆ ವನಜಾಳಿಗೆ ಮೆಸೇಜು ಕಳಿಸುತ್ತದೆ.

"ಇನ್ನಾದ್ರೂ ನೆಮ್ಮದಿಯಾಗಿರಿ ಮೇಡಂ."

ನೆಮ್ಮದಿ ಬರಲಿಲ್ಲ. ಮೆಸೇಜು ಬಂದಾಗಲೆಲ್ಲ ಪಾಠ ನಿಲ್ಲಿಸಿ ಫೋನು ತೆಗೆಯುತ್ತಿದ್ದಳು. ಕೆಲವು ದಿನ ನಾಲ್ಕೈದು ಸಲ. ಹೊಸ ನಂಬರು ಹಾಕುವುದು, ಮಲಗಿರುವ ಗಂಡನನ್ನು ನೋಡುವುದು, ಮತ್ತೆ ಬೋರ್ಡಿನ ಕಡೆ ತಿರುಗುವುದು.

ಒಂದು ಗುರುವಾರ ಮಧ್ಯಾಹ್ನ ಹತ್ತನೇ ತರಗತಿಯಲ್ಲಿದ್ದಾಗ ಮೆಸೇಜು ಬಂತು. ನಂಬರು ಹಾಕಿ ನೋಡಿದರೆ ಹಾಸಿಗೆ ಖಾಲಿ. ಹೊದಿಕೆ ನೆಲದ ಮೇಲಿತ್ತು. ಶಿವರಾಜುವಿಗೆ ಫೋನು ಮಾಡಿದಳು. ಅದು ದಿಂಬಿನ ಪಕ್ಕದಲ್ಲೇ ಮಿನುಗುವುದು ಕಾಣಿಸಿತು. ವರಾಂಡಕ್ಕೆ ಓಡಿಬಂದು ಚಿಕ್ಕಬೋರಮ್ಮನಿಗೆ ಮಾಡಿದಳು.

"ತಡಿ, ಓಯ್ತೀನಿ." ಬಾಗಿಲ ಸದ್ದು. "ಅಯ್ಯೋ, ಇಲ್ಲಿ ಗ್ವಾಡೆ ಒರಗ್ಕಂಡು ಕುಂತವ್ನೆ ಕಣಮ್ಮ. ಬಿದ್ದಿಲ್ಲ. ತಗೊ, ಮಾತಾಡು."

"ನೆಟ್ ಡಬ್ಬದಲ್ಲಿ ಕೆಂಪ್ ಲೈಟ್ ಬಂದಿತ್ತು." ಶಿವರಾಜುವಿನ ಮಾತು ಇನ್ನೂ ತೊದಲುತ್ತಿತ್ತು. "ನೀನಲ್ಲಿ ಒದ್ದಾಡ್ತೀಯ ಅಂತ ಎದ್ದು ಆಫ್ ಮಾಡಿ ಆನ್ ಮಾಡ್ದೆ."

"ನಡಕೊಂಡ್ ಹೋದ್ರಾ?"

"ಗ್ವಾಡೆ ಇಡ್ಕಂಡು. ವಾಪಸ್ ಬರಕ್ಕೆ ಸಕ್ತಿ ಇರ್ನಿಲ್ಲ, ಕುಂತ್ಕಂಡೆ."

ಹದಿಮೂರು ತಿಂಗಳಲ್ಲಿ ಅವನು ಯಾರ ಆಸರೆಯೂ ಇಲ್ಲದೆ ನಡೆದದ್ದು ಇದೇ ಮೊದಲು. ಸಂತೋಷಪಡುವುದಕ್ಕೂ ವನಜಾಳಲ್ಲಿ ತ್ರಾಣ ಉಳಿದಿರಲಿಲ್ಲ. "ಬಿದ್ದಿದ್ರೆ ಏನ್ ಗತಿ?" ಎಂದು ರೇಗಿದಳು.

"ಬೀಳ್ನಿಲ್ವಲ್ಲ, ಬುಡು." ಆಮೇಲೆ ಹೇಳಿದ: "ವನಜಾ, ದಿನವೆಲ್ಲ ನನ್ನನ್ನೇ ನೋಡ್ತಾ ಇರ್ಬೇಡ. ನಂಗೂ ಒಂಥರಾ ಆಯ್ತದೆ."

ಕ್ಯಾಮೆರಾ ಅವನಿಗೆ ಒಪ್ಪಿಗೆಯೇ ಎಂದು ಇಷ್ಟು ದಿನ ಅವಳು ಅವನನ್ನು ಕೇಳಿಯೇ ಇರಲಿಲ್ಲ. "ಆಯ್ತು," ಎಂದಳು. "ನೀವು ಬೇಕು ಅಂದಾಗ ಮಾತ್ರ ಕ್ಯಾಮೆರಾ ಹಾಕೋಣ."

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಫೋನು ಚೀಲದಲ್ಲೇ ಬಿಟ್ಟು ಕೂತವಳಿಗೆ ಯಾವಾಗ ನಿದ್ದೆ ಹತ್ತಿತೋ ಗೊತ್ತಾಗಲಿಲ್ಲ. ಮಂಡ್ಯದಲ್ಲಿ ಕಂಡಕ್ಟರೇ ಎಬ್ಬಿಸಬೇಕಾಯಿತು.