ಹಲ್ಲಿನವನ ಭಾಷಣ

ನಮ್ಮ ಪೇಟೆಯ ಮುದುಕರಲ್ಲಿ ಅರ್ಧದಷ್ಟು ಮಂದಿ ನಾನು ಮಾಡಿಕೊಟ್ಟ ಹಲ್ಲಿನಿಂದಲೇ ಮಾತಾಡುತ್ತಾರೆ, ಜಗಳ ಕಾಯುತ್ತಾರೆ, ಸೆಟ್ಟು ಒತ್ತುತ್ತದೆಂದು ಅದೇ ಹಲ್ಲು ಕಡಿದು ನನ್ನನ್ನೇ ಬೈಯುತ್ತಾರೆ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ ಉಜ್ಜುವುದು ನನ್ನ ಕಸುಬು. ಊರಿಗೆಲ್ಲ ಬಾಯಿ ಮಾಡಿಕೊಟ್ಟವನಿಗೆ ಸ್ವಂತ ಬಾಯಿ ಇಲ್ಲ. ಬೇಕಾದವರ ಎದುರು ನಿಂತರೆ ನಾಲಿಗೆ ಅಂಗುಳಿಗೆ ಅಂಟಿಕೊಂಡು ಬಿಡುತ್ತದೆ.

ಬೇಕಾದವರು ಅಂದರೆ ಎದುರುಗಡೆಯ ಜೆರಾಕ್ಸ್ ಅಂಗಡಿಯಾಕೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ನಡೆಸಿಕೊಂಡು ಬಂದವರು. "ಇನ್ನೊಂದಾರು ತಿಂಗಳು, ಆಮೇಲೆ ಅಂಗಡಿ ಮಾರಿ ತಂಗಿ ಊರಿಗೆ ಹೋಗ್ತೀನಿ," ಎಂದು ಯಾರಿಗೋ ಹೇಳುತ್ತಿದ್ದುದು ಒಂದು ದಿನ ನನ್ನ ಕಿವಿಗೆ ಬಿತ್ತು. ಅವತ್ತು ಮಧ್ಯಾಹ್ನ ನಿವೃತ್ತ ಪೊಲೀಸರೊಬ್ಬರ ಮೇಲಿನ ಸೆಟ್ಟಿಗೆ ಕೆಳಗಿನ ಹಲ್ಲು ಕೂರಿಸಿಬಿಟ್ಟೆ.

ಮನೆಯಲ್ಲಿ ಅಕ್ಕನಿಗೆ ವಾಸನೆ ಬಡಿಯಿತು. "ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನಿನಗೆ ಮಾತೂ ಇಲ್ಲ, ಜಗಳವೂ ಇಲ್ಲ, ಜಗಳ ಆಡೋಕೆ ಹೆಂಡತಿಯೂ ಇಲ್ಲ. ಎಲ್ಲಾದ್ರೂ ಹೋಗಿ ಕಲ್ತ್ಕೊಂಡಾದ್ರೂ ಬಾರೋ," ಅಂದಳು. ಗ್ರಂಥಾಲಯದ ಮಹಡಿಯಲ್ಲಿ ಸಂಜೆ ಹೊತ್ತು ಭಾಷಣ ಬರೆಯುವುದನ್ನು ಕಲಿಸುತ್ತಿದ್ದರು. ಹೋಗಿ ಸೇರಿಕೊಂಡೆ.

ಮೇಷ್ಟ್ರು ನಿವೃತ್ತ ವಕೀಲರು. ಚರಿತ್ರೆಯ ದೊಡ್ಡ ದೊಡ್ಡ ಭಾಷಣಗಳನ್ನು ಸೆಟ್ಟಿನಿಂದ ಹಲ್ಲು ಬಿಡಿಸಿದಂತೆ ಒಂದೊಂದೇ ಬಿಡಿಸಿ ತೋರಿಸುತ್ತಿದ್ದರು. 'ನಾನು' ಎಲ್ಲಿ 'ನಾವು' ಆಯಿತು, ಒಂದೇ ಮಾತನ್ನು ಮೂರು ಸಲ ಯಾಕೆ ಹೇಳಿದರು, ಉಸಿರು ಎಲ್ಲಿ ಬಿಟ್ಟರು. ಪ್ರತಿ ವಾರ ಒಂದು ಭಾಷಣವನ್ನು ಜೆರಾಕ್ಸ್ ಮಾಡಿಸಿ, ಕೆಂಪು ಶಾಯಿಯಲ್ಲಿ ಗುರುತು ಹಾಕಿಕೊಂಡು ಬರಬೇಕು. ಗ್ರಂಥಾಲಯದಲ್ಲೇ ಒಂದು ಯಂತ್ರವಿತ್ತು. ಅದು ಕೆಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಆಕೆ ಹಾಳೆಯನ್ನು ಯಂತ್ರದ ಗಾಜಿನ ಮೇಲೆ ಮಗುಚುವ ಮೊದಲು ನಿಂತು ಓದುತ್ತಿದ್ದರು. ಹಿಂದಿನ ವಾರದ ಹಾಳೆಯ ಕೆಂಪು ಗುರುತುಗಳು ಯಾಕೆಂದು ಕೇಳಿ ತಿಳಿದುಕೊಳ್ಳುತ್ತಿದ್ದರು. ಯುದ್ಧದಲ್ಲಿ ಮಡಿದವರ ಸ್ಮಶಾನದಲ್ಲಿ ನಿಂತು, ಎರಡು ಮೂರು ನಿಮಿಷದಲ್ಲಿ ಮಾತು ಮುಗಿಸಿದ ದೇಶಾಧ್ಯಕ್ಷರೊಬ್ಬರ ಭಾಷಣ ನೋಡಿ, "ಇಂಥೋರಿಂದ ನನ್ನ ವ್ಯಾಪಾರ ಉದ್ಧಾರ ಆಗಲ್ಲ, ಒಂದೇ ಹಾಳೆ!" ಎಂದು ನಕ್ಕರು. ಕಟಕಟೆಯಲ್ಲಿ ನಿಂತು, ತಾನು ನಂಬಿದ್ದಕ್ಕಾಗಿ ಸಾವಿಗೂ ಸಿದ್ಧನೆಂದ ಕೈದಿಯೊಬ್ಬರ ಭಾಷಣಕ್ಕೆ ಮಾತ್ರ ನಗಲಿಲ್ಲ. ಹಾಳೆಯನ್ನು ಕೈಯಲ್ಲೇ ಹಿಡಿದು, "ಇದನ್ನ ಅವರ ಮನೆಯೋರು ಕೂತು ಕೇಳಿಸ್ಕೊಂಡಿರ್ತಾರಾ, ಹಲ್ಲಿನವ್ರೇ?" ಎಂದರು.

ಮೇಷ್ಟ್ರು ಆ ಪ್ರಶ್ನೆ ಕೇಳಿರಲಿಲ್ಲ. ಆಕೆಯ ಬೆರಳಿಗಂಟಿದ್ದ ಜೆರಾಕ್ಸ್ ಶಾಯಿಯ ಕಪ್ಪು ಪುಡಿ ಹಾಳೆಯ ಅಂಚಿಗೆ ಹತ್ತಿತ್ತು. ಅದನ್ನು ಒರೆಸದೆ, ಅಳಿಸಿ ಹೋಗದಂತೆ ಹಿಡಿದು, ಉಳಿದ ಜಾಗದಲ್ಲಿ ಗುರುತು ಹಾಕಿದೆ. ಒಬ್ಬರು ಬೇಕು ಅನ್ನಿಸುವುದೆಂದರೆ ಏನೆಂದು ಈ ನರೆತ ತಲೆಗೆ ಹೊಸದಾಗಿ ಗೊತ್ತಾಗುತ್ತಿತ್ತು. ರಸ್ತೆ ದಾಟಿದರೆ ಸಿಗುವ ಅಂಗಡಿಯೂ ಬಲು ದೂರ ಅನ್ನಿಸುತ್ತಿತ್ತು.

ಆಕೆ ಅಂಗಡಿ ಖಾಲಿ ಮಾಡುವ ಹೊತ್ತಿಗೆ ನನ್ನ ಭಾಷಣ ತಯಾರಾಯಿತು. ಮೇಷ್ಟ್ರು ಓದಿ, "ಭೇಷ್! ಕಲ್ಲೂ ಕರಗಬೇಕು," ಅಂದರು. ಪೇಟೆ ಬಿಟ್ಟು ಹೊರಟ ವ್ಯಾಪಾರಿಗಳಿಗೆ ಮಾಡಿಕೊಂಡ ಮನವಿ ಅದು ಎಂದು ಅವರು ತಿಳಿದಿದ್ದರು. ನಾನೂ ಬಾಯಿ ಬಿಡಲಿಲ್ಲ.

ಬರಿದಾದ ಕಪಾಟುಗಳ ನಡುವೆ ಆಕೆ ಒಬ್ಬರೇ ಇದ್ದರು. ಒಂದು ಮಾತು ಓದಬೇಕು ಎಂದೆ. ಓದಿ ಎಂದರು. ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಈ ಬೀದಿ ನಮ್ಮದು. ಈ ಬೀದಿಯ ಬೆಳಗು ನಮ್ಮದು. ಈ ಬೀದಿಯ ಸಂಜೆ..."

"ನಮ್ಮದು," ಎಂದು ಆಕೆಯೇ ಮುಗಿಸಿದರು. "ಮೂರನೇ ಸಲ. ಈಗ ಉಸಿರು ಬಿಡಿ."

ಬಿಟ್ಟೆ. ಕೊನೆಯ ತನಕ ಓದಿದೆ.

"ಚೆನ್ನಾಗಿ ಬರ್ದಿದ್ದೀರಿ," ಅಂದರು. "ಆದ್ರೆ ಇಷ್ಟುದ್ದ ಓದಿದ್ರಲ್ಲಿ ನೀವು ನನ್ನನ್ನ ಏನೂ ಕೇಳಲೇ ಇಲ್ವಲ್ಲ? ಆ ದೊಡ್ಡೋರು ಸಾವಿರ ಜನಕ್ಕೆ ಹೇಳ್ತಿದ್ರು, ಒಬ್ಬೊಬ್ರ ಉತ್ತರಕ್ಕೆ ಕಾಯೋ ಹಾಗಿರ್ಲಿಲ್ಲ. ಇಲ್ಲಿರೋದು ನಾನೊಬ್ಳೇ."

ಹಾಳೆಯನ್ನು ಯಂತ್ರದ ಪಕ್ಕದಲ್ಲಿಟ್ಟೆ. "ಹೋಗ್ಬೇಡಿ," ಅಂದೆ. "ನನ್ನ ಜೊತೆ ಇರ್ತೀರಾ?"

ಆರು ತಿಂಗಳ ಕಲಿಕೆಯಲ್ಲಿ ಉಳಿದದ್ದು ಇಷ್ಟೇ. ಮೂರು ಸಲ ಹೇಳುವ ತ್ರಾಣವೂ ಇರಲಿಲ್ಲ.

ಆಕೆ ಒಗ್ಗಿದ ಕೈಯಿಂದ ಗಾಜು ಒರೆಸುತ್ತ ನಿಂತರು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ. "ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ," ಅಂದರು. "ನಿಮ್ಮ ಕಸುಬಿನ ಗಾದೆನೇ." ನಗಲು ಹೋದರು, ಆಗಲಿಲ್ಲ. "ಹೋದ ವರ್ಷ ಇಷ್ಟೇ ಕೇಳಿದ್ರೆ ಹೂಂ ಅಂತಿದ್ದೆ. ಕೇಳ್ತೀರೇನೋ ಅಂತ ಕಾದೂ ಇದ್ದೆ. ಈಗ ತಂಗಿ ಹಾಸಿಗೆ ಹಿಡಿದಿದ್ದಾಳೆ. ಬರ್ತೀನಿ ಅಂತ ಅವಳಿಗೆ ಮಾತು ಕೊಟ್ಟಿದ್ದೀನಿ."

ಕೊಟ್ಟ ಮಾತಿನ ಎದುರು ಬರೆದ ಮಾತು ಏನು ಮಾಡೀತು? ಕೊಟ್ಟ ಮಾತನ್ನು ಮುರಿಸುವ ಉಪಾಯ ಮೇಷ್ಟ್ರ ಬಳಿ ಇದ್ದಿರಬಹುದು. ನನಗೆ ಬೇಡವಾಗಿತ್ತು. ಆಕೆ ಬೇಕಾಗಿತ್ತು, ಅಷ್ಟೇ.

ಆಕೆ ನನ್ನ ಭಾಷಣವನ್ನು ಗಾಜಿನ ಮೇಲೆ ಮಗುಚಿ ಗುಂಡಿ ಒತ್ತಿದರು. ಹೊರಗೆ ಬಂದ ಬಿಸಿ ಪ್ರತಿಯನ್ನು ನನ್ನ ಕೈಗಿತ್ತರು. ನಾನು ಬರೆದ ಹಾಳೆಯನ್ನು ನಾಲ್ಕಾಗಿ ಮಡಚಿ ತಮ್ಮ ಚೀಲದೊಳಗೆ ಇಟ್ಟುಕೊಂಡರು.

"ಅಸಲು ನನ್ನ ಹತ್ರ ಇರ್ಲಿ," ಅಂದರು.