ಬೋಳು ಬಳ್ಳಿಯ ಕವನ

ಸಂಕ್ರಮಣ ಮುಗಿದ ವಾರ ಸೋಮಪ್ಪನವರು ಹಿತ್ತಲ ಮಲ್ಲಿಗೆ ಬಳ್ಳಿಯ ಎಲೆಗಳನ್ನೆಲ್ಲ ಕೈಯಾರೆ ಹರಿದು ಹಾಕಿದ್ದು ಕೇವಲ ಕಾವ್ಯದ ಹಿತಕ್ಕಾಗಿ.

ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದ ಅವರು ಹೊಸ ಕಾವ್ಯದ ಉಪಾಸಕರು. ವಸಂತ, ಕೋಗಿಲೆ, ಹೂವು ಎಂಬ ಶಬ್ದಗಳು ಯಾರ ಪದ್ಯದಲ್ಲಿ ಕಂಡರೂ ಮುಖ ಕಿವುಚುವರು. ಹೆಂಡತಿ ಮಾಲವ್ವ ಹಳಿಯಾಳದ ತವರಿನಿಂದ ತಂದು ನೆಟ್ಟ ಆ ಬಳ್ಳಿ ವರ್ಷಗಳು ಉರುಳಿದರೂ ಒಂದು ಮೊಗ್ಗು ಬಿಟ್ಟಿರಲಿಲ್ಲ. ಅವರ ‘ಬೋಳು ಬಳ್ಳಿ’ ಎಂಬ ನೀಳ್ಗವನ ಹುಟ್ಟಿದ್ದು ಅದರಿಂದಲೇ. ಹೋಳಿ ಹುಣ್ಣಿಮೆಗೆ ಮುಂಚಿನ ಭಾನುವಾರ ಬಳ್ಳಿಯ ಬುಡದಲ್ಲೇ ಗೆಳೆಯರನ್ನು ಕೂರಿಸಿ ಅದನ್ನು ಓದುವುದೆಂದು ಗೊತ್ತಾಗಿತ್ತು. ಆದರೆ ಬಳ್ಳಿ ಬೋಳಾಗಿರದೆ ಹಸಿರಾಗಿ ನಳನಳಿಸುತ್ತಿತ್ತು. ಓದುವ ಹೊತ್ತಿಗೆ ಚೆನ್ನಾಗಿ ಒಣಗಿರಲೆಂದು ಅದರ ಎಲೆ ಹರಿದು, ಕುಡಿ ಚಿವುಟಿ, ನೀರು ನಿಲ್ಲಿಸಿ, ಮತ್ತೆ ಹಿತ್ತಲ ಕಡೆ ತಲೆ ಹಾಕದೆ ಅವರು ಕವನ ತಿದ್ದುತ್ತ ಕುಳಿತರು.

ಭಾನುವಾರ ಬೆಳಿಗ್ಗೆ ಚಾಪೆ ಹಿಡಿದು ಹೋದವರು ಅಲ್ಲೇ ನಿಂತುಬಿಟ್ಟರು. ಬಳ್ಳಿ ಮೈತುಂಬ ಬೆಳ್ಳಗೆ ಅರಳಿತ್ತು. ಗೆಳೆಯರು ಬರುವುದರೊಳಗೆ ಹೂಗಳನ್ನು ಕಿತ್ತು ಬಚ್ಚಿಡೋಣವೆಂದು ಕೈ ಚಾಚಿದರು.

“ಹರೀಬ್ಯಾಡ್ರಿ! ಮೊದಲನೇ ಹೂವ ದೇವರಿಗೆ,” ಎಂದು ಮಾಲವ್ವ ಓಡಿ ಬಂದಳು. “ಎಲಿ ಹರದು, ನೀರು ನಿಲ್ಲಿಸಿ, ಆಮ್ಯಾಲ ಹಾಕಿದ್ರ ಮಲ್ಲಿಗಿ ಹೂವ ಬಿಡ್ತೈತಿ ಅಂತ ನಮ್ಮವ್ವ ಅಂತಿದ್ಲು. ಹಸರ ಎಲಿ ಹರಿಯಾಕ ನನಗ ಮನಸ ಬರ್ಲಿಲ್ಲ. ನೀವು ನನಗ ಹೇಳದನ ಮಾಡೀರಿ. ನೀರು ಮರತಿದ್ರಿ, ಅದನ್ನ ನಾ ಹಾಕೇನಿ.”

ಮದುವೆಯಾದ ಹೊಸತರಲ್ಲೂ ಆಕೆ ಹೀಗೆ ತಮ್ಮ ಮುಖ ನೋಡಿದ್ದು ಸೋಮಪ್ಪನವರಿಗೆ ನೆನಪಿರಲಿಲ್ಲ.

ಅಷ್ಟರಲ್ಲಿ ಗೆಳೆಯರೆಲ್ಲ ಬಂದರು. ಅಂಬಿಕಾನಗರದಿಂದ ಬಂದ ಅಡಿವೆಯ್ಯನೆಂಬ ಗೆಳೆಯ ಹಿತ್ತಲ ಬಾಗಿಲಲ್ಲೇ ನಕ್ಕ. “ಏನ್ರೀ ಸೋಮಪ್ಪನವರ, ಹೂವಿನ ಹೆಸರು ಎತ್ತಿದ್ರ ಸಿಟ್ಟಿಗೇಳ್ತಿದ್ರಿ. ಹಿತ್ತಲಾಗ ಇಷ್ಟೆಲ್ಲಾ ಮುಚ್ಚಿಟ್ಟೀರಲ್ಲ!”

“ನನ್ನ ಸಲುವಾಗಿ ಹೂ ಅರಳಿಸ್ಯಾರ್ರಿ,” ಎಂದಳು ಮಾಲವ್ವ. “ಇದರ ಮ್ಯಾಲೇ ಕವನಾನೂ ಬರದಾರಂತ. ಓದ್ರಿ, ಇವತ್ತ ನಾನೂ ಕೇಳ್ತೇನಿ.”

ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕವನ ಕೇಳಲು ಕೂರದ ಆಕೆ ದೇವರಿಗೆ ಇಟ್ಟು ಉಳಿದ ಹೂವು ಮುಡಿದು, ಸೆರಗು ಸರಿಪಡಿಸಿಕೊಂಡು ಚಾಪೆಯ ತುದಿಯಲ್ಲಿ ಕುಳಿತಳು. ಸೋಮಪ್ಪನವರು ಹಾಳೆ ಬಿಡಿಸಿದರು. ‘ಈ ಮನೆಯಲ್ಲಿ ಏನೂ ಅರಳುವುದಿಲ್ಲ’ ಎಂಬುದು ಮೊದಲ ಸಾಲು. ಅದಕ್ಕಾಗಿ ಅವರು ಎರಡು ತಿಂಗಳು ಹೆಣಗಿದ್ದರು. ಗಾಳಿ ಸುಳಿದು ಪರಿಮಳ ಮುಖಕ್ಕೆ ಬಡಿಯಿತು. ನಿಜಕ್ಕೂ ಚೆನ್ನಾಗಿತ್ತು, ಹಾಳಾದ್ದು.

“ಇನ್ನೂ ತಿದ್ದೂದು ಐತಿ,” ಎಂದು ಹಾಳೆ ಮಡಿಸಿದರು.

“ಕವನ ಇರ್ಲಿ ಬಿಡ್ರಿ,” ಎಂದ ಅಡಿವೆಯ್ಯ. “ನಮ್ಮ ಮನ್ಯಾಗೂ ಒಂದು ಬಳ್ಳಿ ಐತಿ, ಬರೇ ಎಲಿ. ನಾಳೆ ಬಂದು ಹರದು ಕೊಡ್ರಿ.”

ಸೋಮಪ್ಪನವರು ಕನ್ನಡಕ ಏರಿಸಿಕೊಂಡರು. “ಈಗ ಬ್ಯಾಡ. ಸಂಕ್ರಮಣ ಆದ ಮ್ಯಾಲ ಹರೀಬೇಕು. ಕುಡಿ ಸೈತ ಚೂಟಬೇಕು.”

ಎಲ್ಲರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಅವರ ಯಾವ ಕವನವನ್ನೂ ಯಾರೂ ಅಷ್ಟು ಶ್ರದ್ಧೆಯಿಂದ ಕೇಳಿರಲಿಲ್ಲ.