ಅಕ್ಕು ಚಾ

ಸಾಲಿಗ್ರಾಮದಲ್ಲಿ ಹೆದ್ದಾರಿಯ ಬದಿಗೆ ರತ್ನಾಕರನ ಹೋಟೆಲು. ಒಲೆಯ ಮುಂದೆ ಅವನು, ಗಲ್ಲಾದಲ್ಲಿ ಹೆಂಡತಿ ಸ್ನೇಹಲತಾ, ಬಡಿಸುವುದಕ್ಕೆ ತಮ್ಮ. ಮೂವರೂ ಮನೆಯವರೇ ಆದ್ದರಿಂದ ಅಲ್ಲಿ ಸಂಬಳಕ್ಕೆ ದುಡಿಯುವವಳು ಅಕ್ಕು ಒಬ್ಬಳೇ. ಬೆಳಿಗ್ಗೆ ಆರಕ್ಕೆ ಹಿಂಬದಿಯ ತೊಟ್ಟಿಯ ಹತ್ತಿರ ನಿಂತರೆ ಮಧ್ಯಾಹ್ನ ಮೂರರವರೆಗೆ ಲೋಟ, ತಟ್ಟೆ, ಇಡ್ಲಿ ಪಾತ್ರೆ ತೊಳೆಯುವುದೇ ಕೆಲಸ. ಇದಕ್ಕೇನು ಓದು ಬೇಕಾ, ಬರಹ ಬೇಕಾ ಎಂದು ಮೂಗು ಮುರಿಯುವವರಿದ್ದಾರೆ. ಅಂಥವರು ಒಂದು ದಿನ ಬಂದು ಅಲ್ಲಿ ನಿಂತು ನೋಡಲಿ. ಉತ್ತರವನ್ನು ಅವರ ಸೊಂಟವೇ ಹೇಳುತ್ತದೆ.

ಹನ್ನೊಂದು ವರ್ಷದ ಕೆಲಸ, ದಿನಕ್ಕೆ ಐನೂರು ರೂಪಾಯಿ. ಈ ಸಲ ಮದುವೆ ಊಟದ ಗುತ್ತಿಗೆ ಹಿಡಿಯುವವರೊಬ್ಬರು ಪಾತ್ರೆ ತೊಳೆಯಲು ಎಂಟುನೂರು ಕೊಡುತ್ತೇವೆ, ಬಾ ಎಂದು ಕರೆದರು. ಅಕ್ಕುವಿಗೆ ಹೋಗುವ ಮನಸ್ಸಿಲ್ಲ, ಆದರೆ ಸುಮ್ಮನಿರಲೂ ಆಗಲಿಲ್ಲ. ಮೂರು ದಿನ ಬಾಯಿಗೆ ಬಂದ ಮಾತನ್ನು ನುಂಗಿ ನಾಲ್ಕನೇ ದಿನ ಕೇಳಿಯೇಬಿಟ್ಟಳು.

"ರತ್ನಾಕರಣ್ಣ, ನಂಗೆ ಎಂಟ್ನೂರ್ ಬೇಡ. ಏಳ್ನೂರ್ ಕೊಡಿ, ಇಲ್ಲೇ ಇರ್ತೆ."

ರತ್ನಾಕರ ಮುಂಬಯಿಯ ಹೋಟೆಲುಗಳಲ್ಲಿ ಲೋಟ ತೊಳೆದೇ ಮೇಲೆ ಬಂದವನು. ತಲೆ ತುರಿಸಿಕೊಂಡ, ಹೆಂಡತಿಯ ಮುಖ ನೋಡಿದ, ಆಯಿತು ಎಂದ. ಅಕ್ಕು ಅವತ್ತು ಬಸ್ಸಿನಲ್ಲಿ ಕಿಟಕಿಯ ಬದಿಗೆ ಕೂತು ತನ್ನಷ್ಟಕ್ಕೇ ನಗುತ್ತಾ ಮನೆಗೆ ಹೋದಳು.

ಮುಂದಿನ ವಾರ ಗಲ್ಲಾದ ಮೇಲೆ ಒಂದು ಕರಿಹಲಗೆ ನೇತಾಡಿತು. "ಕೆಲಸದವರ ಸಂಬಳ ಹೆಚ್ಚಾದ ಕಾರಣ ಚಾ, ತಿಂಡಿ ಎಲ್ಲದಕ್ಕೂ ಐದು ರೂಪಾಯಿ ಹೆಚ್ಚು. ಸಹಕರಿಸಿ." ಹದಿನೈದರ ಚಾ ಇಪ್ಪತ್ತಾಯಿತು. ಕೆಲಸದವರು ಎಂದರೆ ಯಾರು ಎಂದು ಆ ಹೋಟೆಲಿಗೆ ಬರುವ ಯಾರೂ ಕೇಳಬೇಕಾಗಿರಲಿಲ್ಲ.

ಮೊದಲು ಬಾಯಿ ತೆರೆದವನು ತೆಂಗಿನಕಾಯಿ ಸುಲಿಯುವ ಮುತ್ತ. "ಹ್ವಾಯ್ ಅಕ್ಕು, ಇನ್ ಮೇಲೆ ನಿನ್ನ್ ಸಂಬ್ಳ ನಾವೇ ಕೊಡೂದಾ?" ಎಂದು ಕೈ ತೊಳೆಯುತ್ತಾ ಕೇಳಿದ. ಮಾರನೆಯ ದಿನ ಕೂತಲ್ಲಿಂದಲೇ, "ಒಂದ್ ಅಕ್ಕು ಚಾ" ಎಂದು ಕೂಗಿದ. ಎಲ್ಲರೂ ನಕ್ಕರು, ಹೆಸರು ಅಂಟಿಕೊಂಡಿತು. ಬಸ್ಸಿನ ಕಂಡಕ್ಟರುಗಳೂ ಎರಡು ಅಕ್ಕು ಚಾ, ಮೂರು ಅಕ್ಕು ಚಾ ಎನ್ನತೊಡಗಿದರು. ಇದೇ ಮುತ್ತ ಹೋದ ತಿಂಗಳು ಕಾಯಿ ಸುಲಿಯುವ ದರವನ್ನು ಏರಿಸಿದ್ದ. ಚಟ್ನಿಗೆ ಯಾರೂ ಮುತ್ತನ ಹೆಸರಿಡಲಿಲ್ಲ, ಅದು ಬೇರೆ ಮಾತು.

ತಮಾಷೆಯನ್ನಾದರೂ ಸಹಿಸಬಹುದು. ಅಕ್ಕುವಿಗೆ ಸಹಿಸಲಾಗದೇ ಹೋದದ್ದು ಕೊಡೆ ರಿಪೇರಿ ಮಾಡುವ ದೇವುವಿನ ಮಾತು. ಎದುರಿನ ಕಟ್ಟೆಯಲ್ಲಿ ಕೂರುವ ಮುದುಕ, ಬೆಳಿಗ್ಗೆ ಎಂಟಕ್ಕೊಂದು ಹತ್ತಕ್ಕೊಂದು ಚಾ ಕುಡಿಯುತ್ತಿದ್ದವನು. ಕುಡಿದ ಲೋಟವನ್ನು ತಾನೇ ತೊಟ್ಟಿಯವರೆಗೆ ತಂದುಕೊಡುವುದು ಅವನ ಕ್ರಮ.

"ಹತ್ ಗಂಟಿ ಚಾ ಬಿಟ್ಟೆ ಮಾರಾಯ್ತಿ," ಎಂದ. "ನಿಂಗ್ ಒಳ್ಳೇದಾಯ್ತಲ್ದಾ, ಅದೇ ಸಾಕ್."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅಕ್ಕುವಿಗೆ ಕಣ್ಣೀರೇ ಬಂತು. ತನ್ನ ಹೊಟ್ಟೆ ತುಂಬಿಸಿಕೊಳ್ಳಲು ಇನ್ನೊಬ್ಬರ ಲೋಟಕ್ಕೆ ಕೈ ಹಾಕಿದ ಹಾಗಾಯಿತಲ್ಲ ಎಂದು ಇಡೀ ದಿನ ಅದನ್ನೇ ಮೆಲುಕು ಹಾಕಿದಳು. ಸೋಮವಾರ ಬೆಳಿಗ್ಗೆ ಸೆರಗು ಸಿಕ್ಕಿಸುವ ಮೊದಲೇ ಒಲೆಯ ಹತ್ತಿರ ಹೋದಳು.

"ನಂಗೆ ಮುಂಚಿನಂಗೆ ಐನೂರೇ ಸಾಕ್ ರತ್ನಾಕರಣ್ಣ. ಚಾ ಬೆಲೆ ಇಳ್ಸಿ."

ರತ್ನಾಕರ ಎಣ್ಣೆಯಲ್ಲಿದ್ದ ಬನ್ಸ್ ಮಗುಚಿ ಹಾಕಿದ. "ನಿನ್ನ್ ಇಷ್ಟ," ಎಂದ.

ಅವತ್ತು ಮಧ್ಯಾಹ್ನ ಸ್ನೇಹಲತಾ ಐನೂರು ಎಣಿಸಿ ಕೊಟ್ಟಳು. ಹಲಗೆಯ ಮೇಲಿನ ಅಕ್ಷರ ಹಾಗೆಯೇ ಇತ್ತು. ನಾಳೆ ಅಳಿಸಬಹುದು ಎಂದುಕೊಂಡಳು ಅಕ್ಕು. ಮಂಗಳವಾರವೂ ಚಾ ಇಪ್ಪತ್ತೇ. ಬುಧವಾರವೂ ಅಷ್ಟೇ. ಗುರುವಾರ ಕಂಡಕ್ಟರೊಬ್ಬ ಅಕ್ಕು ಚಾಯಲ್ಲಿ ಸಕ್ಕರೆ ಕಮ್ಮಿ ಎಂದು ಬೈದು ಹೋದ.

ಶುಕ್ರವಾರ ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಕೆಲವರು ಪಾತ್ರೆ ಕುಕ್ಕುತ್ತಾರೆ, ಅಕ್ಕು ಎಣಿಸತೊಡಗಿದಳು. ತೊಳೆದ ಲೋಟಗಳನ್ನು ಜೋಡಿಸುವ ಪ್ಲಾಸ್ಟಿಕ್ ಟ್ರೇಯಲ್ಲಿ ಇಪ್ಪತ್ತು ಲೋಟ ಹಿಡಿಯುತ್ತವೆ. ಲೋಟಕ್ಕೆ ಐದು ರೂಪಾಯಿಯಂತೆ ಒಂದು ಟ್ರೇಗೆ ನೂರು. ಎರಡು ಟ್ರೇಗೆ ಇನ್ನೂರು. ಹಾಗಾದರೆ ತನಗೆ ಹೆಚ್ಚಿಸಿದ ಸಂಬಳ ಎರಡೇ ಟ್ರೇಯಲ್ಲಿ ಮುಗಿಯಿತಲ್ಲ! ಎರಡನೇ ಟ್ರೇ ತುಂಬುವಾಗ ಹೊರಗೆ ಶಾಲೆಯ ಮಕ್ಕಳ ವ್ಯಾನು ಕೂಡ ಬಂದಿರಲಿಲ್ಲ. ನಿನ್ನೆ ಎಷ್ಟು ಟ್ರೇ ತೊಳೆದಿದ್ದೆ ಎಂದು ನೆನಪು ಮಾಡಿಕೊಂಡಳು. ಲೋಟದ್ದು ಇಪ್ಪತ್ತನಾಲ್ಕು, ತಟ್ಟೆಯದ್ದೂ ಇಪ್ಪತ್ತಿಪ್ಪತ್ತರಂತೆ ಹದಿನೈದು. ಆ ಹೋಟೆಲಿನಲ್ಲಿ ದಿನಕ್ಕೆ ಎಷ್ಟು ಚಾ, ತಿಂಡಿ ಖರ್ಚಾಗುತ್ತದೆ ಎನ್ನುವುದು ಗಲ್ಲಾದವಳಿಗಿಂತ ತೊಟ್ಟಿಯವಳಿಗೇ ಸರಿಯಾಗಿ ಗೊತ್ತು.

ಹನ್ನೊಂದು ಗಂಟೆಗೆ ಗಿರಾಕಿಗಳು ಕಡಿಮೆಯಾದಾಗ ಒದ್ದೆ ಕೈಯಲ್ಲೇ ಗಲ್ಲಾದ ಎದುರು ನಿಂತಳು. ಮೂಲೆಯ ಮೇಜಿನಲ್ಲಿ ಕಟ್ಟಡದ ಯಜಮಾನ ರವಿಚಂದ್ರ ಪೇಪರು ಓದುತ್ತಾ ಕೂತಿದ್ದರು.

"ಮೂವತ್ತೊಂಬತ್ ಟ್ರೇಯೊಳ್ಗೆ ನಂದ್ ಎರ್ಡೇ. ಉಳ್ದದ್ದ್ ಯಾರದ್ದ್?"

ಸ್ನೇಹಲತಾ ಮೊಬೈಲಿನಲ್ಲಿ ಲೆಕ್ಕ ಒತ್ತಿ ನೋಡಿದಳು. "ಒಂದ್ ಚಾಯ ಐದ್ ರೂಪಾಯೊಳ್ಗೆ ಇವ್ಳದ್ದ್ ಕಾಲ್ ರೂಪಾಯಿ ಬತ್ತ್ ಕಾಣಿ," ಎಂದು ಗಂಡನಿಗೆ ಹೇಳುವಾಗ ಅವಳ ಸ್ವರ ಇಳಿದಿತ್ತು. ರತ್ನಾಕರ ಮೂಲೆಯ ಕಡೆ ಕಣ್ಣು ಹಾಯಿಸಿ ಅಕ್ಕುವನ್ನು ಹಿಂಬದಿಗೆ ಕರೆದುಕೊಂಡು ಹೋದ.

"ಗ್ಯಾಸ್ ಏರಿತ್, ಹಾಲ್ ಏರಿತ್, ಎಣ್ಣಿ ಕೇಳುದೇ ಬೇಡ. ಅವ್ರ್ ಬೇರೆ ಬಾಡ್ಗಿ ತಿಂಗ್ಳಿಗ್ ಆರ್ ಸಾವ್ರ ಏರ್ಸಿರ್."

"ದಿನಕ್ ಎಷ್ಟಾಯ್ತ್ ಅದ್?"

"ಇನ್ನೂರ್."

"ಅವ್ರದ್ದೂ ಇನ್ನೂರ್, ನಂದೂ ಇನ್ನೂರ್. ಹಲ್ಗಿ ಮೇಲೆ ನಾನ್ ಒಬ್ಳೇ ಎಂತಕ್?"

"ಅವ್ರ್ ಹೆಸ್ರ್ ಬರೆಯೂಕೆ ಆತ್ತಾ ಅಕ್ಕು? ನಾಳೆ ಅಂಗ್ಡಿ ಖಾಲಿ ಮಾಡ್ ಅಂದ್ರೆ ಎಂತ ಮಾಡೂದ್?"

"ನನ್ನ್ ಮೇಲೆ ಬರೆಯೂಕೆ ಆಯ್ತಲ್ದಾ."

ರತ್ನಾಕರ ತೊಟ್ಟಿಯ ಅಂಚನ್ನು ನೋಡುತ್ತಾ ನಿಂತ. "ನೀನ್ ಎಂತದೂ ಹೇಳ್ತಿಲ್ಲೆ ಅಂದ್ಕಂಡೆ," ಎಂದ. ಅದು ನಿಜವೇ ಆಗಿತ್ತು, ಅದಕ್ಕೇ ಅಕ್ಕುವಿಗೆ ಇನ್ನಷ್ಟು ಉರಿಯಿತು.

"ಮತ್ತೆ ನನ್ನ್ ಇನ್ನೂರ್ ತಕಂಡದ್ದ್? ಬೆಲೆಯೇನ್ ಇಳೀಲಿಲ್ಲ."

"ನೀನೇ ಬಂದ್ ಕೊಟ್ಟದ್ದಲ್ದಾ?"

ರತ್ನಾಕರನಿಗೇ ತಾನು ಹೇಳಿದ್ದು ಕೇಳಿ ನಾಚಿಕೆಯಾಯಿತೋ ಏನೋ, ಒಳಗೆ ಹೋಗಿ ಹಲಗೆಯನ್ನು ಅಂಗೈಯಿಂದಲೇ ಒರೆಸಿ ಹಾಕಿದ. ಸ್ನೇಹಲತಾ ನಾಲ್ಕು ದಿನದ ಎಂಟುನೂರನ್ನು ತಂದು ಅಕ್ಕುವಿನ ಕೈಯಲ್ಲಿಟ್ಟು, ಇವತ್ತಿನಿಂದ ಏಳುನೂರೇ ಎಂದಳು. ಚಾಯ ಬೆಲೆ ಮಾತ್ರ ಇಪ್ಪತ್ತಾಗಿಯೇ ಉಳಿಯಿತು. ಅದಕ್ಕೆ ಅಕ್ಕು ಜಗಳ ತೆಗೆಯಲಿಲ್ಲ. ಹಾಲು, ಗ್ಯಾಸು ಅವಳ ಮನೆಗೂ ಬರುತ್ತದೆ, ಅವುಗಳ ಬೆಲೆ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮರುದಿನ ಎಂಟರ ಚಾ ಕುಡಿದು ದೇವು ಲೋಟ ತಂದುಕೊಟ್ಟಾಗ ಅವಳು ತಡೆದು ನಿಲ್ಲಿಸಿ ಎಲ್ಲವನ್ನೂ ಹೇಳಿದಳು. ಟ್ರೇಯ ಲೆಕ್ಕ, ಬಾಡಿಗೆಯ ಲೆಕ್ಕ, ಕಾಲು ರೂಪಾಯಿ, ಒಂದನ್ನೂ ಬಿಡಲಿಲ್ಲ. ಮುದುಕ ಕಿವಿಗೊಟ್ಟು ಕೇಳಿದ.

"ಅದ್ ಯಾರದ್ದೇ ಇರ್ಲಿ, ನಂಗೆ ಇಪ್ಪತ್ತೇ ಅಲ್ದಾ," ಎಂದ. ಆಮೇಲೆ ಹೋಗಲು ತಿರುಗಿದವನು ಮತ್ತೆ ನಿಂತ. "ಅಲ್ಲ ಅಕ್ಕು, ಊರೆಲ್ಲ ನಿನ್ನಿಂದ್ಲೇ ಬೆಲೆ ಏರಿತ್ ಅಂದಾಗ ನೀನ್ ಎಂತಕ್ಕೆ ಅಲ್ಲ ಅಂದ್ ಹೇಳ್ಲಿಲ್ಲ?"

ಅಕ್ಕು ಅವನ ಕೈಯಿಂದ ಲೋಟ ತೆಗೆದುಕೊಂಡಳು.

"ನಾನೂ ನಂಬಿದ್ದೆ, ದೇವಣ್ಣ."